ಒಂದೇ ಮನೆಯ ಬಾತು, ಹಲವು ನೀರಿನ ಬಾತು

ಗುಲಾಬಿ ತಲೆಯ ಬಾತು ನಮ್ಮ ದೇಶ ಕಳೆದುಕೊಂಡ ಚೆಲುವಾದ ನೀರಹಕ್ಕಿಗಳಲ್ಲಿ ಒಂದು. ಕಡುಗಂದು ಮೈ, ಗಂಡಿಗೆ ಎಳೆಗುಲಾಬಿ ಬಣ್ಣದ ತಲೆ, ಕುತ್ತಿಗೆ; ಮೊಟ್ಟೆ ಬಹುಪಾಲು ಗುಂಡಗೆ. ಬಿಹಾರ, ಬಂಗಾಳ, ಅಸ್ಸಾಮಿನ ಹುಲ್ಲು ತುಂಬಿದ ಜೌಗುಗಳೇ ಅದರ ನೆಲೆ. 1935ರಲ್ಲಿ ದರ್ಭಾಂಗಾ ಸೀಮೆಯಲ್ಲಿ ಬೇಟೆಯಾದ ಹಕ್ಕಿಯ ನಂತರ ಕಾಡಿನಲ್ಲಿ ಅದನ್ನು ಕಂಡ ನೆಚ್ಚಬಹುದಾದ ದಾಖಲೆಗಳು ಬತ್ತಿಹೋದವು. 2017ರ ಜೀನೋಮ್ ಅಧ್ಯಯನ ಅದನ್ನು ಮುಳುಗುಬಾತುಗಳ ಬಳಗಕ್ಕೆ ಹತ್ತಿರದ ನೆಂಟನೆಂದು ತೋರಿಸಿತು. ಆ ಬಳಗದ ಕೆಂಪು ಜುಟ್ಟಿನ ಬಾತು ಇಂದಿಗೂ ಚಳಿಗಾಲಕ್ಕೆ ಭಾರತಕ್ಕೆ ಬರುತ್ತದೆ. ಒಬ್ಬ ನೆಂಟ ಅಳಿದು ಇನ್ನೊಬ್ಬ ಉಳಿದದ್ದೇಕೆ?

ಬಂದೂಕೇ ಕಾರಣವೆಂಬುದು ಸುಲಭದ ಉತ್ತರ. ಬೇಟೆ ದೊಡ್ಡ ಪೆಟ್ಟು ಕೊಟ್ಟದ್ದು ನಿಜ. ಆದರೆ ಕೆಂಪು ಜುಟ್ಟಿನ ಬಾತನ್ನೂ ಬೇಟೆಗಾರರು ಬಿಡಲಿಲ್ಲ. ವ್ಯತ್ಯಾಸ ನೆಲೆಯಲ್ಲಿದೆ. ಕೆಂಪು ಜುಟ್ಟಿನ ಬಾತು ಯುರೋಪಿನಿಂದ ಮಧ್ಯ ಏಷ್ಯಾದವರೆಗೆ ಮರಿಮಾಡುತ್ತದೆ. ಒಂದು ಕೆರೆ ಬತ್ತಿದರೆ ಇನ್ನೊಂದಿದೆ. ಗುಲಾಬಿ ತಲೆಯದು ಬಹುಮಟ್ಟಿಗೆ ಊರು ಬಿಡದ ಹಕ್ಕಿ. ಉಣ್ಣುವುದು, ಗೂಡು ಕಟ್ಟುವುದು ಎಲ್ಲ ಅದೇ ಎತ್ತರದ ಹುಲ್ಲಿನ ನಡುವೆ. ಆ ಹುಲ್ಲು ಹೊಲವಾದಾಗ ಅದಕ್ಕೆ ಎರಡನೆಯ ಮನೆ ಇರಲಿಲ್ಲ.

ಅದೇ ಜೀನೋಮ್ ಅಧ್ಯಯನ ಗುಲಾಬಿ ತಲೆಯ ಬಾತಿನ ಸಂಖ್ಯೆ ಬಹುಕಾಲದಿಂದ ಕಡಿಮೆಯಿತ್ತೆಂದೂ ಸೂಚಿಸುತ್ತದೆ. ಹಾಗಾದರೆ ಅದು ಅಳಿಯಲೇಬೇಕಿತ್ತೆ? ಇಲ್ಲ. ಕಡಿಮೆ ಸಂಖ್ಯೆಯಲ್ಲೇ ಸಾವಿರಾರು ವರ್ಷ ಬಾಳಿದ್ದು ವಿರಳತೆಯೇ ಮರಣವಲ್ಲ ಎಂಬುದಕ್ಕೆ ಸಾಕ್ಷಿ. ವಿರಳ ಹಕ್ಕಿಗೆ ತಪ್ಪು ತಾಳುವ ಶಕ್ತಿ ಕಡಿಮೆ, ಅಷ್ಟೇ.

ಗಂಗೆಯ ಬಯಲಿನ ಹಕ್ಕಿಯ ಮಾತು ನಮ್ಮೂರು ತಿಮ್ಮಾಪುರಕ್ಕೇಕೆ ಎನ್ನಬಹುದು. ನಮ್ಮ ಸುತ್ತಲ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲೂ ನೀರಿದೆ; ಕೃಷ್ಣೆ, ಘಟಪ್ರಭೆಯರಿದ್ದಾರೆ. ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಬಂದರೆ ನಾವು ಹಿಗ್ಗುತ್ತೇವೆ. ನೀರು ಹೆಚ್ಚಿದೆ, ಹಕ್ಕಿಗೆ ಇನ್ನೇನು ಬೇಕು ಎಂಬ ವಾದವೂ ಇದೆ. ಆದರೆ ತೆರೆದ ನೀರು ಜೌಗಲ್ಲ. ವಲಸೆ ಹಕ್ಕಿಗಳ ಹಿಂಡು ಕಣ್ಣು ತುಂಬಿದಾಗ, ಇಲ್ಲೇ ಮೊಟ್ಟೆಯಿಡುವ ವರಟೆಯಂಥ ಬಾತಿಗೆ ದಡದ ಹುಲ್ಲು, ಜೊಂಡು ಬೇಕೆಂಬುದು ಮರೆತುಹೋಗುತ್ತದೆ. ಕಬ್ಬನ್ನು ನೀರಿನಂಚಿನವರೆಗೂ ಒಯ್ಯದೆ, ಕೆರೆಯಂಗಳದ ಜೊಂಡನ್ನು ಪೂರ್ತಿ ಸವರದೆ ಒಂದಿಷ್ಟು ಅಂಚು ಬಿಟ್ಟರೆ ಸಾಕು. ಎಣಿಸಬೇಕಾದದ್ದು ಚಳಿಗಾಲದ ಅತಿಥಿಗಳನ್ನಷ್ಟೇ ಅಲ್ಲ, ಮಳೆಗಾಲದ ಗೂಡುಗಳನ್ನೂ.