ಹಳಿಯ ನೆನಪು, ಹೊರೆಯ ಮರೆವು

ರೈಲನ್ನು ಕುರಿತು ಬರೆದವರಿಗೆ ನಮ್ಮಲ್ಲಿ ಕೊರತೆಯಿಲ್ಲ; ಆದರೆ ಅವರಲ್ಲಿ ಬಹುಮಂದಿ ಟಿಕೆಟ್ಟು ಕೊಂಡು ಗಾಡಿ ಹತ್ತಿದವರು. ನಿಲ್ದಾಣದ ಗಂಟೆ, ಬೀಳ್ಕೊಡಲು ಬಂದವರ ಕಣ್ಣೀರು, ಕಿಟಕಿಯಾಚೆ ಹಿಂದಕ್ಕೋಡುವ ಹೊಲಗದ್ದೆ, ಇವು ಕಥೆಗೂ ಕವಿತೆಗೂ ಎಷ್ಟೋ ಸಲ ಒದಗಿವೆ. ಅದೇ ನಿಲ್ದಾಣದ ಹಿಂಬದಿಗೆ ಚಾಚಿಕೊಂಡಿರುವ ಗೂಡ್ಸ್ ಯಾರ್ಡು, ಅಲ್ಲಿಂದ ಕವಲೊಡೆದು ಗಿರಣಿಯ ಬಾಗಿಲಿಗೋ ಉಗ್ರಾಣದ ಜಗಲಿಗೋ ಹೋಗಿ ಮುಗಿಯುವ ಸೈಡಿಂಗು, ಇವು ಸಾಹಿತ್ಯದ ಕಣ್ಣಿಗೆ ಬಿದ್ದುದು ಕಡಮೆ. ಊರು ಉಂಡದ್ದು ಉಟ್ಟದ್ದು ಬಹುಪಾಲು ಆ ದಾರಿಯಲ್ಲೇ ಬಂದದ್ದಾದರೂ ಆ ದಾರಿ ಯಾರ ವಿರಹಕ್ಕೂ ಸಾಕ್ಷಿಯಾಗಲಿಲ್ಲ. ಎಂದೇ ಅದು ಅಳಿದುಹೋದಾಗ ಅದನ್ನು ನೆನೆಯುವ ಮಾತೂ ನಮ್ಮ ಬಳಿ ಸಿದ್ಧವಾಗಿರಲಿಲ್ಲ.

ಅಳಿದ ಹಳಿಗಳನ್ನು ನೆನಪಿಟ್ಟುಕೊಳ್ಳಲು ಶ್ರದ್ಧೆಯಿಂದಲೂ ಧಾರಾಳ ವೆಚ್ಚದಿಂದಲೂ ಯತ್ನಿಸಿದ ನಗರಗಳಲ್ಲಿ ನ್ಯೂಯಾರ್ಕ್ ಮುಖ್ಯವಾದುದು. ಅಲ್ಲಿಯ ಮ್ಯಾನ್‌ಹಟನ್ ದ್ವೀಪದ ಪಶ್ಚಿಮ ಅಂಚಿನಲ್ಲಿ, ನೆಲದಿಂದ ಸುಮಾರು ಮೂವತ್ತು ಅಡಿ ಎತ್ತರದ ಉಕ್ಕಿನ ಕಂಬಗಳ ಮೇಲೆ ಸಾಗುವ ‘ಹೈ ಲೈನ್’ ಎಂಬ ಹಳೆಯ ಗೂಡ್ಸ್ ಮಾರ್ಗ ಇಂದು ಉದ್ಯಾನವಾಗಿದೆ. ಲೋಕವೆಲ್ಲ ಅದನ್ನು ಕೊಂಡಾಡಿದೆ. ಕೊಂಡಾಡಲು ತಕ್ಕ ಕಾರಣಗಳೂ ಇವೆ. ಆದರೆ ನೆನಪು ಕೂಡ ಒಂದು ಕೃತಿ. ಕೃತಿಯೆಂದ ಮೇಲೆ ಅದರ ಗುಣದೋಷಗಳ ವಿಚಾರ ಬಂದೇ ಬರುತ್ತದೆ. ಆ ದೃಷ್ಟಿಯಿಂದ ಹೈ ಲೈನನ್ನು ನೋಡುವುದು ಇಲ್ಲಿಯ ಉದ್ದೇಶ.

ಮೊದಲು ಕಥೆಯನ್ನು ತಿಳಿಯೋಣ. 1847ರಲ್ಲಿ ನಗರವು ತನ್ನ ಪಶ್ಚಿಮ ಭಾಗದ ಬೀದಿಗಳ ಮೇಲೆಯೇ ಹಳಿ ಹಾಸಲು ಅನುಮತಿ ಕೊಟ್ಟಿತು. ಕಲ್ಲಿದ್ದಲು, ಹಾಲು, ಮಾಂಸ ಹೊತ್ತ ಗಾಡಿಗಳು ಜನರೂ ಕುದುರೆಬಂಡಿಗಳೂ ತುಂಬಿದ ಬೀದಿಯ ನಡುವೆಯೇ ಓಡಿದವು. ಗಾಡಿಗೆ ಸಿಕ್ಕಿ ಸತ್ತವರ ಸಂಖ್ಯೆ 1910ರ ಹೊತ್ತಿಗೆ ಐನೂರನ್ನು ಮೀರಿತ್ತು. ಹತ್ತನೆಯ ಅವೆನ್ಯೂಗೆ ಜನರಿಟ್ಟ ಹೆಸರೇ ‘ಸಾವಿನ ಬೀದಿ’. ಕುದುರೆಯೇರಿದವನೊಬ್ಬ ಹಗಲು ಕೆಂಪು ಬಾವುಟ, ಇರುಳು ಕೆಂಪು ಲಾಟೀನು ಬೀಸುತ್ತ ಎಂಜಿನ್ನಿನ ಮುಂದೆ ಸಾಗಿ ಜನರನ್ನು ಎಚ್ಚರಿಸುವ ಪದ್ಧತಿ ಬಂತು. ಅಂಥ ಕೊನೆಯ ಸವಾರ ಬೀದಿಗಿಳಿದದ್ದು 1941ರಲ್ಲಿ. ಈ ಹಳಿಗಳು ತೊಲಗಲಿ ಎಂದು ಆ ಬೀದಿಯ ಜನ ದಶಕಗಳ ಕಾಲ ಕೂಗಿದರು. 1929ರಲ್ಲಿ ಒಪ್ಪಂದವಾಗಿ, ನೂರಕ್ಕೂ ಹೆಚ್ಚು ಬೀದಿದಾಟುಗಳನ್ನು ನಿವಾರಿಸುವ ಯೋಜನೆ ಕೈಗೂಡಿ, 1934ರಲ್ಲಿ ಎತ್ತರದ ಮಾರ್ಗ ಸಿದ್ಧವಾಯಿತು. ಅದು ಬೀದಿಯ ಮೇಲೆ ಹೋಗದೆ ಕಟ್ಟಡಗಳ ಹಿಂಬದಿಯಿಂದಲೂ, ಕೆಲವೆಡೆ ಕಟ್ಟಡಗಳ ಹೊಟ್ಟೆಯೊಳಗಿನಿಂದಲೂ ಹಾದುಹೋಯಿತು. ಬಿಸ್ಕತ್ತಿನ ಕಾರ್ಖಾನೆಯ ಮೇಲ್ಮಾಳಿಗೆಗೇ ವ್ಯಾಗನ್ನು ಬಂದು ನಿಲ್ಲುವಂತಾಯಿತು.

ಈ ಏರ್ಪಾಡು ಅರ್ಧ ಶತಮಾನವೂ ಬಾಳಲಿಲ್ಲ. ಹೆದ್ದಾರಿಗಳು ಬೆಳೆದವು, ಲಾರಿ ರೈಲಿನ ಅನ್ನ ಕಿತ್ತುಕೊಂಡಿತು. 1956ರಲ್ಲಿ ನೆರೆಯ ನ್ಯೂಅರ್ಕ್ ಬಂದರಿನಿಂದಲೇ ಕಂಟೇನರುಗಳನ್ನು ಹೊತ್ತ ಹಡಗು ಹೊರಟಿತು. ಅದರೊಡನೆ ಹಳೆಯ ಹಡಗುಕಟ್ಟೆಗಳ ಕೆಲಸವೂ ಕರಗತೊಡಗಿತು. ಕಾರ್ಖಾನೆಗಳು ನಗರ ಬಿಟ್ಟವು. 1960ರ ದಶಕದಲ್ಲಿ ಮಾರ್ಗದ ದಕ್ಷಿಣದ ತುದಿಯನ್ನು ಕೆಡವಿದರು. 1980ರಲ್ಲಿ ಮೂರು ವ್ಯಾಗನ್ನು ತುಂಬ ಶೈತ್ಯೀಕರಿಸಿದ ಟರ್ಕಿ ಕೋಳಿಯನ್ನು ತಂದಿಳಿಸಿದ್ದೇ ಅದರ ಮೇಲೆ ಓಡಿದ ಕಡೆಯ ಗಾಡಿ. ಆಮೇಲೆ ಪೀಟರ್ ಆಬ್ಲೆಟ್ಜ್ ಎಂಬ ರೈಲು ಅಭಿಮಾನಿ 1984ರಲ್ಲಿ ಅದನ್ನು ಹತ್ತೇ ಡಾಲರಿಗೆ ಕೊಂಡು ಮತ್ತೆ ಗಾಡಿ ಓಡಿಸುವ ಕನಸು ಕಂಡ. ಮಾರಾಟ ಕೆಲವೇ ವರ್ಷಗಳಲ್ಲಿ ರದ್ದಾಯಿತು. 1996ರಲ್ಲಿ ಆತ ತೀರಿಕೊಂಡ. ಹಳಿಯನ್ನು ಹಳಿಯಾಗಿಯೇ ಉಳಿಸಬೇಕೆಂದವನ ಮಾತು ಅಲ್ಲಿಗೆ ಮುಗಿಯಿತು.

ಅವನಿಗೆ ಸಾಧಿಸದೆ ಹೋದದ್ದನ್ನು ಬೇರೊಂದು ಬಗೆಯಲ್ಲಿ ಸಾಧಿಸಿದವರಲ್ಲಿ ಒಬ್ಬ ಛಾಯಾಚಿತ್ರಕಾರ ಮುಖ್ಯ. 1999ರಲ್ಲಿ ಮಾರ್ಗವನ್ನು ಉಳಿಸಲು ಸಂಘವೊಂದು ಹುಟ್ಟಿತು. ಮರುವರ್ಷ ಜೋಯೆಲ್ ಸ್ಟರ್ನ್‌ಫೆಲ್ಡ್ ದೊಡ್ಡ ಕ್ಯಾಮೆರಾ ಹೊತ್ತು ಮೇಲೇರಿ, ಋತುಋತುವಿನಲ್ಲೂ ಚಿತ್ರ ತೆಗೆದ. 2001ರಲ್ಲಿ ಅವು ‘ವಾಕಿಂಗ್ ದಿ ಹೈ ಲೈನ್’ ಎಂಬ ಪುಸ್ತಕವಾಗಿ ಬಂದವು. ಮೊಣಕಾಲೆತ್ತರದ ಹುಲ್ಲು, ಕಾಡುಹೂ, ಹಿಮ. ನಡುವೆ ತುಕ್ಕು ಹಿಡಿದ ಜೋಡಿ ಹಳಿ ದೂರಕ್ಕೆ ಸಾಗಿ ಮರೆಯಾಗುತ್ತದೆ. ಆಚೀಚೆ ಮೌನವಾಗಿ ನಿಂತ ಇಟ್ಟಿಗೆಯ ಗೋಡೆಗಳು. ಕೆಳಗೆ ಬೀದಿಯಲ್ಲಿ ನಡೆವವರಿಗೆ ಕೊಳಕು ಕಬ್ಬಿಣವಾಗಿ ಕಂಡದ್ದು ಮೇಲೆ ಒಂದು ಬಯಲು ಎಂದು ಆ ಚಿತ್ರಗಳಿಂದಲೇ ನಗರಕ್ಕೆ ತಿಳಿದದ್ದು. ಮಾರ್ಗವನ್ನು ಕೆಡವಲು 2001ರ ಕೊನೆಯಲ್ಲಿ ಆಜ್ಞೆಯಾಗಿದ್ದರೂ ಅದು ಉಳಿದುದಕ್ಕೆ ಈ ಚಿತ್ರಗಳು ಮಾಡಿದ ಸಹಾಯ ದೊಡ್ಡದು. ಕಲೆಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಸಂದೇಹ ಉಳಿಯುತ್ತದೆ. ನಮ್ಮ ಆಲಂಕಾರಿಕರು ರಸಕ್ಕೆ ಕಾರಣವಾಗುವ ವಿಭಾವವನ್ನು ಎರಡಾಗಿ ವಿಂಗಡಿಸಿದ್ದಾರೆ. ಭಾವ ಯಾರನ್ನು ಆಶ್ರಯಿಸಿ ಹುಟ್ಟುತ್ತದೆಯೋ ಅದು ಆಲಂಬನ. ಅದನ್ನು ಹೊತ್ತಿಸುವ ಬೆಳದಿಂಗಳು, ತಂಗಾಳಿ, ವಸಂತ ಮೊದಲಾದವು ಉದ್ದೀಪನ. ಶಕುಂತಲೆಯೇ ಇಲ್ಲದೆ ಬರಿಯ ಆಶ್ರಮದ ಬಳ್ಳಿಗಳನ್ನು ವರ್ಣಿಸಿದರೆ ಅದು ವನವರ್ಣನೆಯಾದೀತು, ಶೃಂಗಾರವಾಗದು. ಸ್ಟರ್ನ್‌ಫೆಲ್ಡನ ಚಿತ್ರಗಳಲ್ಲಿ ಉದ್ದೀಪನ ಸಮೃದ್ಧವಾಗಿದೆ. ಆಲಂಬನವಿಲ್ಲ. ಚಿತ್ರಗಳಲ್ಲಿ ಬಹುಮಟ್ಟಿಗೆ ಜನರೇ ಇಲ್ಲ. ಜನರಿದ್ದರೆಂಬುದರ ಗುರುತು ಕೂಡ ಹುಲ್ಲಿನಲ್ಲಿ ಮುಚ್ಚಿಹೋಗಿದೆ. ಹಾಲಿನ ಕ್ಯಾನು ಇಳಿಸಿದವನು, ಮಾಂಸದ ತೊಡೆ ಹೊತ್ತವನು, ಬಾವುಟ ಬೀಸಿದ ಸವಾರ, ಗಾಡಿಯಡಿ ಸಿಕ್ಕಿದ ಮಗು, ಇವರಾರ ಸುಳಿವೂ ಇಲ್ಲದೆ ನೋಡುವವನ ಮನಸ್ಸಿನಲ್ಲಿ ಒಂದು ಮಧುರವಾದ ವಿಷಾದ ಮೂಡುತ್ತದೆ. ಆ ವಿಷಾದ ಯಾರಿಗಾಗಿ? ಚಿತ್ರ ಹೇಳುವುದಿಲ್ಲ. ಕರುಣದಂತೆ ತೋರುವ ಇದು ನಿಜವಾಗಿ ಹಾಳಿನ ಸೊಬಗು ಮಾತ್ರ.

ಛಾಯಾಚಿತ್ರಕಾರನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವನು 2000ದಲ್ಲಿ ಕಂಡದ್ದನ್ನು ತೋರಿಸಿದ. ಆಗ ಅಲ್ಲಿ ಇದ್ದದ್ದು ಹುಲ್ಲೇ. ಆದರೆ ಆ ಚಿತ್ರವೇ ಉದ್ಯಾನಕ್ಕೆ ಮಾದರಿಯಾದಾಗ ಅದರ ಕೊರತೆ ಕಲ್ಲಿನಲ್ಲೂ ಕಬ್ಬಿಣದಲ್ಲೂ ಸ್ಥಿರವಾಯಿತು. 2009ರಲ್ಲಿ ಮೊದಲ ಭಾಗ, 2011 ಮತ್ತು 2014ರಲ್ಲಿ ಮುಂದಿನವು ತೆರೆದವು. ಹಳಿಗಳಿಗೆ ಗುರುತು ಹಾಕಿ ಕಿತ್ತು, ಅನೇಕವನ್ನು ಮೊದಲಿದ್ದಲ್ಲಿಗೇ ತಂದು ಕೂರಿಸಿದರು; ನಡುವೆ ಕಾಡುಹುಲ್ಲನ್ನು ಹೋಲುವ ಗಿಡಗಳನ್ನು ಪೀಟ್ ಔಡಾಲ್ಫ್ ಎಂಬ ಡಚ್ ತೋಟಗಾರ ಆರಿಸಿ ನೆಡಿಸಿದ. ತಾನಾಗಿ ಬೆಳೆದ ಹುಲ್ಲಿನ ನೆನಪಿಗೆ ನೆಟ್ಟು ಬೆಳೆಸಿದ ಹುಲ್ಲು ಬಂತು. ಪೂರ್ವಕ್ಕೆ ಕವಲೊಡೆದು ಅಂಚೆಯ ದೊಡ್ಡ ಕಟ್ಟಡಕ್ಕೆ ಹೋಗುತ್ತಿದ್ದ ಸೈಡಿಂಗು 2019ರಲ್ಲಿ ‘ಸ್ಪರ್’ ಎಂಬ ಹೆಸರಿನಲ್ಲೇ ಕಲಾಕೃತಿಗಳನ್ನು ನಿಲ್ಲಿಸುವ ಚೌಕವಾಯಿತು. ಹೆಸರು ಉಳಿಯಿತು, ಟಪಾಲು ಮರೆತುಹೋಯಿತು. ಅದೇ ವರ್ಷ ಪಕ್ಕದ ರೈಲು ಯಾರ್ಡಿನ ಪೂರ್ವಾರ್ಧದ ಮೇಲೆ ಚಾವಣಿ ಹೊದಿಸಿ ಕಟ್ಟಿದ ಗೋಪುರಗಳ ಬಡಾವಣೆ ‘ಹಡ್ಸನ್ ಯಾರ್ಡ್ಸ್’ ಎಂಬ ಹೆಸರಿನಲ್ಲಿ ತೆರೆಯಿತು. ಅದರ ಅಡಿಯಲ್ಲಿ ಉಪನಗರದ ರೈಲುಗಳು ಇಂದಿಗೂ ಬಂದು ತಂಗುತ್ತವೆ. ಯಾರ್ಡೆಂಬ ಹೆಸರನ್ನು ಮೇಲೆ ಬರೆದು ಯಾರ್ಡನ್ನು ಕೆಳಗೆ ಮುಚ್ಚಿಟ್ಟದ್ದು ಎಂಥ ವಕ್ರೋಕ್ತಿ!

ಉದ್ಯಾನವೇನು ಪಾಠಶಾಲೆಯೇ, ದಣಿದವರು ಗಾಳಿಗೆ ಕೂರಲು ಬಂದರೆ ಅಲ್ಲಿ ಸತ್ತವರ ಪಟ್ಟಿ ತೂಗುಹಾಕಬೇಕೇ ಎಂದು ಯಾರಾದರೂ ಕೇಳಬಹುದು. ಮಾತು ಸರಿ. ನೆನಪಿನ ಹೆಸರು ಹೇಳದ ಉದ್ಯಾನದಿಂದ ಯಾರೂ ನೆನಪನ್ನು ಕೇಳುವುದಿಲ್ಲ. ಹಳಿಯನ್ನು ಅಲ್ಲಿ ಇಟ್ಟದ್ದರಿಂದಲೇ ಈ ಪ್ರಶ್ನೆ ಹುಟ್ಟಿದ್ದು. ಒಂದು ಹಳಿ ಕಂಡರೆ ಇದರ ಮೇಲೆ ಏನು ಹೋಯಿತು, ಯಾರಿಗಾಗಿ, ಯಾರ ಬೆವರಿನಿಂದ, ಏನು ಬೆಲೆ ತೆತ್ತು ಎಂಬ ಕುತೂಹಲವಾದರೂ ಮೂಡಬೇಡವೇ? ಇದು ಸಾಧ್ಯವೆಂಬುದಕ್ಕೆ ನಿದರ್ಶನ ಅದೇ ನದಿಯ ದಂಡೆಯಲ್ಲಿ, ಉತ್ತರಕ್ಕೆ ಎರಡು ಮೈಲಿಯೊಳಗೇ ಇದೆ. ಅಲ್ಲಿಯ ದೊಡ್ಡ ಗೂಡ್ಸ್ ಯಾರ್ಡು ಮಾಯವಾಗಿ ವಸತಿಗೃಹಗಳೆದ್ದಿವೆ. ಆದರೆ 1911ರಲ್ಲಿ ಕಟ್ಟಿದ ಅರವತ್ತೊಂಬತ್ತನೆಯ ಬೀದಿಯ ವರ್ಗಾವಣೆ ಸೇತುವೆ ದಡದಲ್ಲಿ ನಿಂತಿದೆ. ವ್ಯಾಗನ್ನುಗಳನ್ನು ದೋಣಿಗೆ ತಳ್ಳಿ ಆಚೆ ದಡದ ನ್ಯೂಜರ್ಸಿಗೆ ಸಾಗಿಸಲು ಇದ್ದ ಸಾಧನ ಅದು. ಅದರಲ್ಲಿ ಹೂವಿಲ್ಲ, ಚೆಲುವೂ ಇಲ್ಲ. ಆದರೆ ಕಂಡವನು ‘ಇದು ಏನು ಮಾಡುತ್ತಿತ್ತು?’ ಎಂದು ಕೇಳದೆ ಮುಂದೆ ಹೋಗಲಾರ. ಒಳ್ಳೆಯ ಸ್ಮಾರಕಕ್ಕೆ ಇಷ್ಟು ಸಾಕು.

ದೂರದ ನಗರದ ಈ ವಿಚಾರ ನಮಗೇಕೆ ಎನ್ನುವಂತಿಲ್ಲ. ಬೆಂಗಳೂರಿಗೆ 1864ರಲ್ಲಿ ಮದರಾಸಿನ ಕಡೆಯಿಂದ ಬಂದದ್ದು ಐದೂವರೆ ಅಡಿಯ ಅಗಲ ಹಳಿ. 1882ರ ಹೊತ್ತಿಗೆ ಮೈಸೂರಿನವರೆಗೆ ಹೋದದ್ದು ಮೀಟರು ಹಳಿ. ಒಂದರ ವ್ಯಾಗನ್ನು ಇನ್ನೊಂದರ ಮೇಲೆ ಉರುಳದು. ಮದರಾಸಿನಿಂದ ಮೈಸೂರಿಗೆ ಹೋಗುವ ಮೂಟೆಯನ್ನು ನಡುವೆ ಇಳಿಸಿ ಇನ್ನೊಂದು ಗಾಡಿಗೆ ಏರಿಸಲೇಬೇಕು. ಒಂದು ಶತಮಾನಕ್ಕೂ ಮೀರಿ ಈ ಹೊರೆಯನ್ನು ಹೊತ್ತದ್ದು ಹಮಾಲರ ಬೆನ್ನು. 1992ರಿಂದ ದೇಶದ ಹಳಿಗಳನ್ನು ಒಂದೇ ಅಳತೆಗೆ ತರುವ ಯೋಜನೆ ನಡೆದು, ಆ ದಶಕದಲ್ಲೇ ಮೈಸೂರಿನ ಮಾರ್ಗವೂ ಅಗಲವಾಯಿತು. ಅದು ಒಳ್ಳೆಯದೇ ಆಯಿತು. ಬೆನ್ನು ಮುರಿಯುವ ಕೆಲಸ ಹೋಯಿತೆಂದು ಯಾರೂ ಅಳಬೇಕಾಗಿಲ್ಲ. ಮೈಸೂರಿನಲ್ಲಿ 1979ರಿಂದ ಇರುವ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನು ಗಾಡಿಯನ್ನು ಜತನವಾಗಿ ಇಟ್ಟಿದ್ದಾರೆ, ಅದೂ ಉಚಿತವೇ. ಮೂಟೆಯ ಕಥೆಯನ್ನು ಮಾತ್ರ ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಡಲು ಬರುವುದಿಲ್ಲ. ಅದನ್ನು ಬರೆಯಬೇಕು.

ಯಾರ್ಡುಗಳಲ್ಲಿ ದುಡಿದ ಕೊನೆಯ ತಲೆಮಾರಿನವರು ಇನ್ನೂ ನಮ್ಮ ನಡುವೆ ಇದ್ದಾರೆ. ಶಂಟಿಂಗಿನ ಸೀಟಿಗಳ ಅರ್ಥವೂ ಕಪ್ಲಿಂಗು ಹಾಕುವ ಹುಷಾರಿಯೂ ಬಲ್ಲವರು. ನಮ್ಮ ಕಥೆಗಾರರು ನಿಲ್ದಾಣದ ಮುಂಬಾಗಿಲನ್ನು ಚೆನ್ನಾಗಿಯೇ ಬಲ್ಲರು. ಒಮ್ಮೆ ಹಿಂಬಾಗಿಲಿಗೂ ಹೋಗಿ, ಆ ಹಿರಿಯರ ಪಕ್ಕದಲ್ಲಿ ಕೂತು ಅವರ ಮಾತಿಗೆ ಕಿವಿಗೊಟ್ಟರೆ, ಹುಲ್ಲು ಬೆಳೆದ ಮೇಲೆ ಚಿತ್ರ ತೆಗೆಯಲು ಹೊರಡುವ ಪಾಡು ನಮಗೆ ಬರಲಾರದು.