ಅಶ್ಲೀಲವೆಂಬ ದೋಷ

‘ಅಶ್ಲೀಲ’ವೆಂಬ ಶಬ್ದಕ್ಕೆ ಈಗ ರೂಢಿಯಲ್ಲಿರುವ ಅರ್ಥವು ನಮ್ಮ ಲಾಕ್ಷಣಿಕರು ಕೊಟ್ಟ ಅರ್ಥವಲ್ಲ. ವಾಮನ ಮಮ್ಮಟಾದಿಗಳು ಇದನ್ನು ದೋಷಪ್ರಕರಣದಲ್ಲಿ ಎತ್ತಿಕೊಂಡು, ವ್ರೀಡೆ, ಜುಗುಪ್ಸೆ, ಅಮಂಗಳ ಎಂಬ ಮೂರರಲ್ಲಿ ಯಾವುದನ್ನಾದರೂ ಸೂಚಿಸುವ ಪದಪ್ರಯೋಗಕ್ಕೆ ಆ ಹೆಸರನ್ನಿಟ್ಟರು. ಮಂಗಳಪ್ರಸಂಗದಲ್ಲಿ ಸಾವನ್ನು ನೆನಪಿಗೆ ತರುವ ಮಾತೊಂದು ನುಸುಳಿದರೆ ಅದೂ ಅಶ್ಲೀಲವೇ. ದೋಷವಿರುವುದು ಶಬ್ದದಲ್ಲಿ, ಕಾಮವು ಕಾವ್ಯವಸ್ತುವಾಗಬಾರದೆಂದು ಅವರು ಹೇಳಲಿಲ್ಲ. ಶೃಂಗಾರವನ್ನು ರಸಗಳ ಮೊದಲಲ್ಲಿ ಎಣಿಸಿದವರು ಹಾಗೆ ಹೇಳುವುದಾದರೂ ಹೇಗೆ?

ಸಂಕೋಚವೇ ಅವರಿಗಿರಲಿಲ್ಲವೆಂದು ಇದರಿಂದ ತಿಳಿಯಬಾರದು. ಕುಮಾರಸಂಭವದಲ್ಲಿ ಪಾರ್ವತೀಪರಮೇಶ್ವರರ ಸಂಭೋಗವನ್ನು ವರ್ಣಿಸಿದ್ದು ಅನುಚಿತವೆಂದು ಆನಂದವರ್ಧನನೇ ಎಣಿಸಿದನು. ಕವಿಯ ಶಕ್ತಿಯು ಆ ದೋಷವನ್ನು ಮುಚ್ಚಿತೆಂದೂ ಒಪ್ಪಿಕೊಂಡನು. ಇಲ್ಲಿಯೂ ವಿಚಾರವು ಪಾತ್ರದ ಔಚಿತ್ಯವನ್ನು ಕುರಿತದ್ದು. ಬರೆದವರು ಗಂಡಸೋ ಹೆಂಗಸೋ, ಯಾವ ಕುಲದವರು ಎಂಬ ಪ್ರಶ್ನೆಯು ಅಶ್ಲೀಲದ ಲಕ್ಷಣದಲ್ಲಿ ಎಲ್ಲಿಯೂ ಬಾರದು. ಅದು ಬಂದದ್ದು ಈಚೆಗೆ. ಬಂದ ಬಗೆಯನ್ನು ಮೈಸೂರು ಸೀಮೆಗೆ ಸಂಬಂಧಿಸಿದ ಒಂದೆರಡು ಕೃತಿಗಳಿಂದ ಪರಿಶೀಲಿಸಬಹುದು.

ಕನ್ನಡದಲ್ಲಿ ಸ್ತ್ರೀಯ ಕಾಮವನ್ನು ಜನ್ನನಷ್ಟು ನಿರ್ಭಯವಾಗಿ ಕಂಡವರು ವಿರಳ. ೧೨೦೯ರ ಯಶೋಧರಚರಿತೆಯಲ್ಲಿ ರಾಣಿ ಅಮೃತಮತಿಯು ನಟ್ಟಿರುಳಿನಲ್ಲಿ ಮಾವಟಿಗನ ಗಾನವನ್ನು ಕೇಳಿ ಸೋಲುತ್ತಾಳೆ; ಅವನು ಕುರೂಪಿಯೆಂದು ತಿಳಿದಮೇಲೂ, ತಡವಾಗಿ ಬಂದಳೆಂದು ಅವನು ಹೊಡೆದಮೇಲೂ ಅವಳ ಮನಸ್ಸು ಹಿಂದೆಗೆಯದು. ಕಾವ್ಯದ ಉದ್ದೇಶವು ಸಂಕಲ್ಪಹಿಂಸೆಯ ಫಲವನ್ನು ತೋರಿಸುವುದು. ಆದರೂ ಓದುಗನ ನೆನಪಿನಲ್ಲಿ ನಿಲ್ಲುವುದು ಹಿಟ್ಟಿನ ಕೋಳಿಗಿಂತ ಆ ಇರುಳಿನ ಹಾಡೇ ಎಂದರೆ ಜನ್ನನಿಗೆ ಅಪಚಾರವಾಗದು. ನಮ್ಮ ಪಂಡಿತರು ಅಮೃತಮತಿಯನ್ನು ನಿಂದಿಸಿದ್ದುಂಟು, ಜನ್ನನನ್ನು ನಿಂದಿಸಲಿಲ್ಲ.

ಚಿಕದೇವರಾಜ ಒಡೆಯರ (೧೬೭೩–೧೭೦೪) ಆಸ್ಥಾನಕ್ಕೆ ಬಂದರೆ ಒಂದು ವಿಶೇಷವು ಕಣ್ಣಿಗೆ ಬೀಳುತ್ತದೆ. ದೊರೆಯ ಹೆಸರಿನಲ್ಲಿರುವ, ಕೆಲವರು ತಿರುಮಲಾರ್ಯನದೆನ್ನುವ ಗೀತಗೋಪಾಲವು ಜಯದೇವನ ಜಾಡನ್ನು ಹಿಡಿದ ಶೃಂಗಾರಭಕ್ತಿಯ ಕೃತಿ. ಅದೇ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಎಳಂದೂರಿನ ಹೊನ್ನಮ್ಮನು ಸಾಂಗತ್ಯದಲ್ಲಿ ಬರೆದದ್ದು ಹದಿಬದೆಯ ಧರ್ಮ. ಗೋಪಿಯರ ವಿರಹವನ್ನು ಹಾಡುವುದು ಅರಸನ ಪಾಲಿಗೆ, ಪತಿವ್ರತೆಯ ನಡೆವಳಿಯನ್ನು ಹೇಳುವುದು ಊಳಿಗದ ಹೆಣ್ಣಿನ ಪಾಲಿಗೆ ಬಂತು. ಹೆಣ್ಣೆಂದು ಹೀಗಳೆಯುವವರನ್ನು ಹೊನ್ನಮ್ಮನು ದಿಟ್ಟತನದಿಂದಲೇ ಕೇಳಿದ್ದಾಳೆ, ನಿಜ. ಆದರೆ ಆ ದಿಟ್ಟತನವು ಧರ್ಮದ ಚೌಕಟ್ಟಿನೊಳಗೆ ನಿಂತು ಆಡಿದ್ದು. ಆಕೆಯ ಪದ್ಯಗಳು ನಮ್ಮ ಪಾಠಶಾಲೆಗಳನ್ನು ಸುಲಭವಾಗಿ ಹೊಕ್ಕದ್ದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಆ ಚೌಕಟ್ಟಿನಿಂದ ಹೊರಗೆ ನಿಂತು ಹಾಡಿದವಳು ತಂಜಾವೂರಿನ ಪ್ರತಾಪಸಿಂಹನ (೧೭೩೯–೬೩) ಆಸ್ಥಾನದ ಮುದ್ದುಪಳನಿ. ಆಕೆಯ ರಾಧಿಕಾಸಾಂತ್ವನವು ತೆಲುಗಿನದಾದರೂ ಅದರ ಚರಿತ್ರೆಯಲ್ಲಿ ಮೈಸೂರಿನವರಿಗೆ ಪಾಲುಂಟು. ೧೮೮೭ರಲ್ಲಿ ಅಚ್ಚಾದ ಪುಸ್ತಕದಲ್ಲಿ ಪೀಠಿಕೆಯನ್ನೂ ಕೆಲವು ಪದ್ಯಗಳನ್ನೂ ಬಿಟ್ಟಿದ್ದರು. ಅವನ್ನು ಹಸ್ತಪ್ರತಿಯಿಂದ ತುಂಬಿ ೧೯೧೦ರಲ್ಲಿ ಪ್ರಕಟಿಸಿದವರು ೧೮೭೮ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಮೈಸೂರಿನಲ್ಲಿ ಸಂಸ್ಕೃತವನ್ನು ಕಲಿತ ಬೆಂಗಳೂರು ನಾಗರತ್ನಮ್ಮನವರು. ಮುದ್ದುಪಳನಿಯಂತೆ ಇವರೂ ದೇವದಾಸಿ ಕುಲದವರು.

ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ಈ ಕೃತಿಯ ಮೇಲೆ ಹೊರಿಸಿದ ಆಕ್ಷೇಪಣೆಯನ್ನು ಗಮನವಿಟ್ಟು ನೋಡಬೇಕು. ವಿಧವಾವಿವಾಹಕ್ಕಾಗಿ ಹೋರಾಡಿದ ಆ ಮಹನೀಯರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಇಲ್ಲಿ ಅವರು ಕವಯಿತ್ರಿಯ ಕುಲವನ್ನೂ ನಡತೆಯನ್ನೂ ಎತ್ತಿದರು. ಇಂಥ ಮಾತು ಹೆಂಗಸಿನ ಬಾಯಲ್ಲಿ ಬರಬಾರದೆಂದರು. ಆನಂದವರ್ಧನನ ಮಾರ್ಗವನ್ನು ಹಿಡಿದು, ರಾಧಾಕೃಷ್ಣರ ಸಂಭೋಗವರ್ಣನೆಯೇ ಅನುಚಿತವೆಂದು ವಾದಿಸಬಹುದಾಗಿತ್ತು. ಹಾಗೆ ವಾದಿಸಿದರೆ ಮೊದಲು ಜಯದೇವನನ್ನೇ ವಿಚಾರಣೆಗೆ ಕರೆಯಬೇಕಾಗುತ್ತಿತ್ತು. ನಾಗರತ್ನಮ್ಮನವರು ಹಿಡಿದದ್ದು ಈ ಮರ್ಮವನ್ನೇ: ಲಜ್ಜೆಯು ಹೆಂಗಸರಿಗೆ ಮಾತ್ರ ಸಹಜವೇ, ಗಂಡಸರಿಗೆ ಬೇಡವೇ ಎಂದು ಕೇಳಿ, ಪಂತುಲು ಅವರೇ ಮನ್ನಿಸಿದ ವೈಜಯಂತೀವಿಲಾಸವನ್ನು ಎದುರಿಗಿಟ್ಟರು. ಅವರಿಗೆ ಉತ್ತರವಾಗಿ ಬಂದದ್ದು ವಿಮರ್ಶೆಯಲ್ಲ, ೧೯೧೧ರಲ್ಲಿ ಮದರಾಸು ಸರ್ಕಾರದ ನಿಷೇಧ. ಲಾಕ್ಷಣಿಕರ ಪದದೋಷವು ೧೮೬೦ರ ದಂಡಸಂಹಿತೆಯ ಅಪರಾಧವಾಗಿ ಮಾರ್ಪಟ್ಟಿತ್ತು. ನಿಷೇಧವು ತೆರವಾದದ್ದು ೧೯೪೭ರಲ್ಲಿ, ಟಂಗುಟೂರಿ ಪ್ರಕಾಶಂ ಅವರು ಪ್ರಧಾನಿಯಾಗಿದ್ದಾಗ.

ಕಾವ್ಯವನ್ನೇ ನೋಡಿದರೆ, ಅದರ ಹೊಸತನವಿರುವುದು ಸಂಭೋಗವರ್ಣನೆಯಲ್ಲಲ್ಲ. ತಾನೇ ಸಾಕಿದ ಇಳೆಯನ್ನು ರಾಧೆಯು ಕೃಷ್ಣನಿಗೆ ಮದುವೆ ಮಾಡಿಸುತ್ತಾಳೆ. ಇಬ್ಬರಿಗೂ ತಾನೇ ಬುದ್ಧಿ ಹೇಳಿ ಕಳುಹಿಸುತ್ತಾಳೆ. ಬಳಿಕ ಅಗಲಿಕೆಯನ್ನು ತಾಳಲಾರದೆ ಬೇಯುತ್ತಾಳೆ. ವಯಸ್ಸಾದ ಪ್ರಿಯೆಯ ಈ ಸಂಕಟವು ನಮ್ಮ ಅಷ್ಟನಾಯಿಕೆಯರಲ್ಲಿ ಯಾರೊಬ್ಬಳ ಅಳತೆಗೂ ಪೂರ್ತಿಯಾಗಿ ಒಗ್ಗದು. ಕಡೆಗೆ ಸಾಂತ್ವನವನ್ನು ಕೋರುವವಳು ಹೆಣ್ಣು, ಮಾಡಬೇಕಾದವನು ದೇವರು. ವರ್ಣನೆಯು ಅಲ್ಲಲ್ಲಿ ಅತಿಯಾಗಿದೆ ಎಂದರೆ ಒಪ್ಪಬಹುದು. ಆದರೆ ಆ ಅತಿಯು ಅಂದಿನ ಪ್ರಬಂಧಕವಿಗಳೆಲ್ಲರ ಗುಣ.

ಮೈಸೂರು ಸರ್ಕಾರವು ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದ್ದು ೧೯೦೯ರಲ್ಲಿ, ಈ ಪ್ರಕಟಣೆಗೆ ಕೇವಲ ಒಂದು ವರ್ಷ ಮುಂಚೆ. ಆ ಪದ್ಧತಿಯಲ್ಲಿ ಎಳೆಯ ಹೆಣ್ಣುಮಕ್ಕಳಿಗಾದ ಅನ್ಯಾಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆಜ್ಞೆಯು ದೇವಾಲಯವನ್ನು ‘ಶುದ್ಧ’ಗೊಳಿಸಿತಲ್ಲದೆ, ಅಲ್ಲಿಯ ಸಾಹಿತ್ಯಸಂಗೀತಗಳನ್ನು ಕಲಿತಿದ್ದವರು ಮುಂದೆ ಎಲ್ಲಿ ನಿಲ್ಲಬೇಕೆಂಬುದನ್ನು ಹೇಳಲಿಲ್ಲ. ಅರಮನೆಯಲ್ಲಿ ಮಾತ್ರ ಕುಣಿತವು ಉಳಿಯಿತು. ಜಟ್ಟಿ ತಾಯಮ್ಮನವರು (೧೮೫೭–೧೯೪೭) ಪದ, ಜಾವಳಿ, ಅಷ್ಟಪದಿಗಳಿಗೆ ಅಭಿನಯ ಹಿಡಿಯುತ್ತಿದ್ದುದು ಈ ನಗರದಲ್ಲಿಯೇ. ಅವರ ಶಿಷ್ಯೆ ವೆಂಕಟಲಕ್ಷಮ್ಮನವರು ೧೯೬೫ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ನೃತ್ಯವಿಭಾಗಕ್ಕೆ ಅಧ್ಯಾಪಕಿಯಾಗಿ ಬಂದರು. ಅಚ್ಚಿನಲ್ಲಿ ಅಪರಾಧವಾದ ಶೃಂಗಾರವು ಕೈಸನ್ನೆಯಲ್ಲಿಯೂ ಕಣ್ಣಿನಲ್ಲಿಯೂ ವಿದ್ಯೆಯಾಗಿ ಉಳಿದದ್ದು ವಿಚಿತ್ರವಲ್ಲವೇ?

ಸಾಹಿತ್ಯದ ಅಧ್ಯಾಪಕರಿಗೆ ಈ ಚರಿತ್ರೆಯು ದೂರದ್ದಲ್ಲ. ಸಂಗ್ರಹಗಳನ್ನು ಸಿದ್ಧಪಡಿಸುವಾಗ ಅಷ್ಟಾದಶ ವರ್ಣನೆಗಳಲ್ಲಿ ಸುರತವನ್ನೂ ಮಧುಪಾನವನ್ನೂ ಬಿಡುವುದು ವಾಡಿಕೆ. ಎಳೆಯ ಹುಡುಗರ ಪುಸ್ತಕದಲ್ಲಿ ಬಿಡಲಿ, ಆಕ್ಷೇಪವಿಲ್ಲ. ಬಿಟ್ಟ ಕಡೆಯಲ್ಲಿ ಒಂದು ಚುಕ್ಕೆಗೆರೆಯನ್ನೂ ಹಾಕದೆ, ಪದ್ಯಸಂಖ್ಯೆಯನ್ನು ಹೊಸದಾಗಿ ಜೋಡಿಸಿ, ಕವಿಯು ಅಷ್ಟನ್ನೇ ಬರೆದನೆಂಬ ಭ್ರಾಂತಿಯನ್ನು ಹುಟ್ಟಿಸುವುದು ಸಂಪಾದನೆಯಲ್ಲ. ನಾಗರತ್ನಮ್ಮನವರು ೧೮೮೭ರ ಪ್ರತಿಯಲ್ಲಿ ಹಿಡಿದದ್ದು ಇಂಥ ಕೊರತೆಯನ್ನೇ. ನಿಷೇಧ ತೆಗೆದಮೇಲೆ ಅವರ ಪರಿಷ್ಕರಣವು ಮತ್ತೆ ಅಚ್ಚಾದದ್ದು ೧೯೫೨ರಲ್ಲಿ; ತಿರುವಯ್ಯಾರಿನಲ್ಲಿ ಅವರು ತೀರಿಕೊಂಡದ್ದೂ ಅದೇ ವರ್ಷ.