ಪೇಟೆಗೆ ನಿವಾಸಿಗಳು ಯಾರು?

"ನೀಂಗ ಇಂಗೆ ಇರುಕ್ಕೀಂಗಳಾ?" ಅಂತ ಕೇಳಿದೆ. ಟ್ಯಾಬ್ಲೆಟ್ಟಿನಲ್ಲಿದ್ದ ಮೊದಲ ಪ್ರಶ್ನೆಯನ್ನು ನನ್ನ ಮೂರು ವರ್ಷದ ಚೆನ್ನೈ ತಮಿಳಿಗೆ ಇಳಿಸಿದರೆ ಅಷ್ಟೇ ಆಗುತ್ತಿತ್ತು: ನೀವು ಇಲ್ಲಿರ್ತೀರಾ? ಪಾಂಡಿ ಬಜಾರಿನ ಫುಟ್‌ಪಾತಿನ ಅಂಚಿನಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸು ದಾರದಿಂದ ಕಣ್ಣೆತ್ತಿ, ಎದುರಿಗೇ ಕೂತವಳನ್ನು ಇದ್ದೀಯಾ ಎಂದು ಕೇಳುವ ಈ ಹುಡುಗನಿಗೆ ಏನಾಗಿದೆ ಎಂಬಂತೆ ನೋಡಿದರು. "ಇಂಗೆ ದಾನೇ ಇರುಕ್ಕೇನ್, ತಂಬಿ." ಇಲ್ಲೇ ಇದ್ದೀನಲ್ಲಪ್ಪ.

ಮನೆ ಎಲ್ಲಿ ಅಂತ ಬಿಡಿಸಿ ಕೇಳಿದ ಮೇಲೆ ಪೆರುಂಬಾಕ್ಕಂ ಎಂದರು. 2015ರ ಡಿಸೆಂಬರ್ ಪ್ರವಾಹದವರೆಗೆ ಸೈದಾಪೇಟೆಯ ಹತ್ತಿರ ಅಡಯಾರ್ ನದಿಯ ದಂಡೆಯಲ್ಲಿದ್ದವರು. ನಡೆದುಕೊಂಡೇ ಬಜಾರಿಗೆ ಬರುತ್ತಿದ್ದರಂತೆ. ಆಮೇಲೆ ಅವರನ್ನು ಸುಮಾರು 20 ಕಿಲೋಮೀಟರ್ ದೂರದ ವಸತಿ ಸಮುಚ್ಚಯಕ್ಕೆ ಕಳಿಸಿದರು. ಮನೆ ಬದಲಾಯಿತು, ಕೂರುವ ಜಾಗ ಬದಲಾಗಲಿಲ್ಲ. ನಾನು 'ಇಲ್ಲ' ಎಂಬ ಚೌಕವನ್ನು ಒತ್ತಿದೆ. ಪರದೆಯ ಮೇಲೆ 'ನಿಮ್ಮ ಸಮಯಕ್ಕೆ ಧನ್ಯವಾದಗಳು' ಎಂದು ಬಂತು. "ಅವ್ವಳವು ದಾನಾ?" ಎಂದರು. ಅಷ್ಟೇನಾ? ಅಷ್ಟೇ ಆಗಿತ್ತು.

ಅದೇ ರಾತ್ರಿ ರೂಮಿಗೆ ಬಂದು ಆ ಫಾರ್ಮನ್ನು ನನ್ನ ಹೆಸರಿನಲ್ಲೇ ತುಂಬಿದೆ. ಟಿ. ನಗರದಲ್ಲಿ ನನ್ನದೊಂದು ಬಾಡಿಗೆ ರೂಮಿದೆ, 11 ತಿಂಗಳ ಕರಾರಿದೆ. 'ಹೌದು' ಒತ್ತಿದೆ. ಉಳಿದ ಪ್ರಶ್ನೆಗಳೆಲ್ಲ ಒಂದೊಂದಾಗಿ ತೆರೆದುಕೊಂಡವು.

ಈ ಪತ್ರಿಕೆಯಲ್ಲಿ ಕಥೆ, ಕಾದಂಬರಿ, ಸಿನಿಮಾಗಳ ವಿಮರ್ಶೆ ಓದಿ ಅಭ್ಯಾಸವಾದವರಿಗೆ ಪ್ರಶ್ನಾವಳಿಯ ವಿಮರ್ಶೆ ವಿಚಿತ್ರ ಎನಿಸಬಹುದು. ಆದರೆ ಪ್ರಶ್ನಾವಳಿಯೂ ಒಬ್ಬರು ಕೂತು ಬರೆದದ್ದೇ. ಅದಕ್ಕೂ ಒಂದು ದನಿಯಿದೆ, ಕಣ್ಣೆದುರು ಇಟ್ಟುಕೊಂಡ ಓದುಗನಿದ್ದಾನೆ, ಹೇಳದೆ ಬಿಟ್ಟದ್ದಿದೆ. ಕಾದಂಬರಿ ಕೆಟ್ಟರೆ ಓದುಗನಿಗೆ ಒಂದು ಭಾನುವಾರ ನಷ್ಟ. ಪ್ರಶ್ನಾವಳಿ ಕೆಟ್ಟರೆ ಯಾರದೋ ಕೂರುವ ಜಾಗ ಹೋಗುತ್ತದೆ. ಟಿ. ನಗರದ ಪೇಟೆಯನ್ನು ಇನ್ನಷ್ಟು ಚೆನ್ನಾಗಿ ಮಾಡುವುದು ಹೇಗೆಂದು ನಿವಾಸಿಗಳನ್ನು ಕೇಳುವ ಒಂದು ಸಮೀಕ್ಷೆಗೆ ಗೆಳೆಯನೊಬ್ಬ ನನ್ನನ್ನು ಸ್ವಯಂಸೇವಕನಾಗಿ ಎಳೆದಿದ್ದ. ಎರಡು ಶನಿವಾರ ಬೀದಿಯಲ್ಲಿ ನಿಂತು ಅದರ ಪ್ರಶ್ನೆಗಳನ್ನು ಬಾಯಿಪಾಠವಾಗುವಷ್ಟು ಸಲ ಓದಿದ್ದೇನೆ. ವಿಮರ್ಶಕನಿಗೆ ಅಷ್ಟು ಅರ್ಹತೆ ಸಾಕು ಅಂದುಕೊಳ್ಳುತ್ತೇನೆ.

ಮೊದಲ ತಕರಾರು ಮೊದಲ ಪ್ರಶ್ನೆಯ ಮೇಲೆಯೇ. 'ನಿವಾಸಿ' ಎಂಬುದು ಕಚೇರಿಯ ಪದ. ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಬಾಯಿಮಾತಿಗೆ 'ಇರು' ಎಂಬ ಒಂದೇ ಕ್ರಿಯಾಪದ ಸಾಕು. ಕೂತಿದ್ದರೂ ಇದ್ದಂತೆ, ಬಾಳುತ್ತಿದ್ದರೂ ಇದ್ದಂತೆ. ಹೂವಿನವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ ಎಂದಲ್ಲ, ಅವರಿಗೆ ಅರ್ಥವಾದದ್ದೇ ಸರಿಯಾಗಿತ್ತು. ಬೆಳಗಿನಿಂದ ರಾತ್ರಿಯವರೆಗೆ ಅವರು ಇರುವುದು ಅಲ್ಲಿಯೇ. ನಾನು ಅಲ್ಲಿ ಮಲಗುತ್ತೇನೆ, ಅಷ್ಟೇ. ಎದ್ದರೆ ಓಎಂಆರ್ ಕಡೆಯ ಬಸ್ಸು.

ಇನ್ನು 'ಡೌನ್‌ಟೌನ್' ಎಂಬುದಕ್ಕೆ ನಮ್ಮಲ್ಲಿ ಹೊಸ ಪದ ಹುಡುಕಬೇಕಿಲ್ಲ, ಪೇಟೆ ಇದೆ. ಊರಲ್ಲಿ ಅಮ್ಮ "ಪೇಟೆಗೆ ಹೋಗಿ ಬರ್ತೀನಿ" ಅನ್ನುತ್ತಿದ್ದಳು. ಹೋಗುವುದು, ಬರುವುದು ಎರಡೂ ಆ ಮಾತಿನಲ್ಲೇ ಇವೆ. ಪೇಟೆ ಎಂದರೆ ಸುತ್ತಲಿನ ಹಳ್ಳಿಗಳವರೆಲ್ಲ ಬಂದು ಹೋಗುವ ಜಾಗ. ಅಲ್ಲಿಯೇ ಮನೆ ಇದ್ದವರೂ ಇದ್ದರು, ಆದರೆ ಪೇಟೆ ಅವರೊಬ್ಬರದೇ ಎಂದು ಯಾರೂ ಅಂದುಕೊಂಡಿರಲಿಲ್ಲ. ಚೆನ್ನೈ ತುಂಬ ಈ ಪದದ ಗುರುತುಗಳಿವೆ. ಸೈದಾಪೇಟೆ, ರಾಯಪೇಟೆ, 1734ರಲ್ಲಿ ನೇಕಾರರನ್ನು ಕರೆತಂದು ನೆಲೆಗೊಳಿಸಿದ ಚಿಂತಾದ್ರಿಪೇಟೆ. ಹೆಸರಿನಲ್ಲಿ ಪೇಟೆ ಇಲ್ಲದ ಟಿ. ನಗರವೇ ಈಗ ಎಲ್ಲಕ್ಕಿಂತ ದೊಡ್ಡ ಪೇಟೆಗಳಲ್ಲೊಂದು.

ತ್ಯಾಗರಾಯನಗರ ಹುಟ್ಟಿದ್ದು ಮನೆಗಳ ಬಡಾವಣೆಯಾಗಿ. 1920ರ ದಶಕದಲ್ಲಿ ಲಾಂಗ್ ಟ್ಯಾಂಕ್ ಎಂಬ ಉದ್ದನೆಯ ಕೆರೆಯನ್ನು ಬತ್ತಿಸಿ, ಜಸ್ಟಿಸ್ ಪಕ್ಷದ ತ್ಯಾಗರಾಯ ಚೆಟ್ಟಿಯವರ ಹೆಸರಿಟ್ಟು, ನಡುವೆ ಪನಗಲ್ ರಾಜನ ಹೆಸರಿನ ಪಾರ್ಕ್ ಬಿಟ್ಟು ಕಟ್ಟಿದರು. ಆಮೇಲೆ ರೇಷ್ಮೆ ಸೀರೆ ಬಂತು, ಚಿನ್ನ ಬಂತು, ಸ್ಟೀಲ್ ಪಾತ್ರೆ ಬಂತು. ಮಾಂಬಲಂ ಸ್ಟೇಷನ್ನಿನಿಂದ ಇಳಿದ ಜನ ರಂಗನಾಥನ್ ಬೀದಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಡೆಯುವುದನ್ನು ದೀಪಾವಳಿಯ ಹಿಂದಿನ ಭಾನುವಾರ ನೋಡಬೇಕು. ಆ ಗುಂಪಿನಲ್ಲಿ ಚೆಂಗಲ್ಪಟ್ಟಿನವರು, ತಿರುವಳ್ಳೂರಿನವರು, ಮದುವೆ ಜವಳಿಗೆಂದು ದೂರದೂರಿಂದ ಬಂದವರು ಇರುತ್ತಾರೆ. ನಮ್ಮ ಫಾರ್ಮಿನ ಮೊದಲ ಪ್ರಶ್ನೆಗೆ ಅವರೆಲ್ಲರ ಉತ್ತರ 'ಇಲ್ಲ'. ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವ ಹುಡುಗಿಯರ ಉತ್ತರವೂ 'ಇಲ್ಲ'ವೇ. ಪೇಟೆಯನ್ನು ಪೇಟೆ ಮಾಡಿದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ, ಪೇಟೆ ಹೇಗಿರಬೇಕೆಂದು ಕೇಳುವ ಸಮೀಕ್ಷೆ ಇದು.

ಟಿ. ನಗರಕ್ಕೆ ಸುಧಾರಣೆ ಹೊಸದಲ್ಲ. 2013ರಲ್ಲಿ ಪಾಂಡಿ ಬಜಾರಿನ ಬೀದಿ ವ್ಯಾಪಾರಿಗಳನ್ನು ಕೋರ್ಟಿನ ಆದೇಶದ ಮೇಲೆ ಒಂದು ಬಹುಮಹಡಿ ಸಂಕೀರ್ಣಕ್ಕೆ ಸೇರಿಸಿದರು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ಚೆನ್ನೈ ಇತ್ತು, ಅದರಲ್ಲಿ ವಿಶೇಷ ಅಭಿವೃದ್ಧಿಗೆ ಆರಿಸಿದ ಪ್ರದೇಶ ಟಿ. ನಗರ. 2019ರ ನವೆಂಬರ್‌ನಲ್ಲಿ ಪಾಂಡಿ ಬಜಾರಿನ ಪಾದಚಾರಿ ಪ್ಲಾಜಾ ತೆರೆಯಿತು. ನಾನು ಅದರ ವಿರೋಧಿಯಲ್ಲ. ಅಗಲವಾದ ಫುಟ್‌ಪಾತು, ಕೂರಲು ಕಲ್ಲು ಬೆಂಚು, ಮರದ ನೆರಳು. ಸಂಜೆ ಅಜ್ಜಿಯರು ಮೊಮ್ಮಕ್ಕಳ ಜೊತೆ ಕೂತಿರುವುದನ್ನು ನೋಡಿದರೆ ಬೆಂಗಳೂರಿನಲ್ಲಿ ಇಂಥದ್ದು ಎಷ್ಟಿದೆ ಅಂತ ನಾನೇ ಎಣಿಸುತ್ತೇನೆ. ಕಟ್ಟುವ ಮೊದಲು ಬೀದಿಯಲ್ಲಿ ವಾಹನ ತಡೆದು ಪ್ರಯೋಗ ಮಾಡಿ ನೋಡಿದ್ದೂ ಒಳ್ಳೆಯ ಕೆಲಸ. ಬೀದಿಯನ್ನು ಕಾಗದದ ಮೇಲೆ ಕಲ್ಪಿಸಿಕೊಂಡು ಉತ್ತರಿಸುವುದಕ್ಕಿಂತ ನಡೆದು ನೋಡಿ ಉತ್ತರಿಸುವುದು ಸುಲಭ. 2020ರ ನವೆಂಬರ್‌ನಿಂದ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ ನೋಡಿದ್ದೂ ಇದೇ ಬಗೆಯ ಪ್ರಯೋಗ.

ಹೀಗಿರುವಾಗ ನಮ್ಮ ಪ್ರಶ್ನಾವಳಿ ಇನ್ನೂ ಜಾಣವಾಗಿರಬೇಕಿತ್ತು. ಒಳಗಿನ ಪ್ರಶ್ನೆಗಳನ್ನು ನೋಡಿ. 'ಸ್ವಚ್ಛವಾದ ಹಾಗೂ ಅಡೆತಡೆಯಿಲ್ಲದ ಫುಟ್‌ಪಾತ್ ಬೇಕೆಂಬುದನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?' ಒಂದರಿಂದ ಐದು. ಇದು ಒಂದು ಪ್ರಶ್ನೆಯ ವೇಷದಲ್ಲಿರುವ ಎರಡು ಪ್ರಶ್ನೆ. ಕಸ ಬೇಡ, ಆದರೆ ಹೂವಿನವರು ಇರಲಿ ಎನ್ನುವವನು ಯಾವ ಅಂಕಿ ಒತ್ತಬೇಕು? ಹೀಗೆ ಅಂಕಿ ಕೊಟ್ಟು ಮನಸ್ಸು ಅಳೆಯುವ ಪದ್ಧತಿಯನ್ನು 1932ರಲ್ಲಿ ರೆನ್ಸಿಸ್ ಲೈಕರ್ಟ್ ಕೊಟ್ಟ. ಅದರ ಒಂದು ದೌರ್ಬಲ್ಯ ಎಲ್ಲ ಸಮೀಕ್ಷಕರಿಗೂ ಗೊತ್ತು: ಎದುರಿಗೆ ನಿಂತು ಕೇಳಿದರೆ ಜನ ಒಪ್ಪಿಬಿಡುತ್ತಾರೆ. ನಮ್ಮ ಕಡೆಯಂತೂ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡವನು ಏನು ಕೇಳಿದರೂ "ಆಯ್ತು ಸಾರ್" ಎನ್ನುವುದೇ ಸುರಕ್ಷಿತ.

ತಮಿಳು ಆವೃತ್ತಿಯಲ್ಲಿ ಇನ್ನೊಂದು ಸೂಕ್ಷ್ಮವಿತ್ತು. 'ನಡೈಪಾದೈ ಕಡೈ' ಎಂದರೆ ಫುಟ್‌ಪಾತ್ ಅಂಗಡಿ, 'ಆಕ್ಕಿರಮಿಪ್ಪು' ಎಂದರೆ ಒತ್ತುವರಿ. ಕೂತಿರುವುದು ಅದೇ ಹೂವಿನ ಬುಟ್ಟಿ. ಮೊದಲ ಪದ ಬಳಸಿದರೆ ಜನ ಬೆಲೆ, ರುಚಿ, ಪರಿಚಯದ ಬಗ್ಗೆ ಮಾತಾಡುತ್ತಾರೆ. ಎರಡನೆಯದು ಬಳಸಿದರೆ ತೆರವಿನ ಬಗ್ಗೆ ಮಾತಾಡುತ್ತಾರೆ. ಪ್ರಶ್ನಾವಳಿ ಆರಿಸಿಕೊಂಡದ್ದು ಎರಡನೆಯದನ್ನು. ತೀರ್ಪು ಬರೆದಾದ ಮೇಲೆ ಸಾಕ್ಷಿ ಕರೆದಂತೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಆಗಬೇಕು ಎನ್ನುತ್ತದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು ಎನ್ನುತ್ತದೆ. ಕಾನೂನು ಮಾತಿಗೆ ಕೂರಿಸಿದವರನ್ನು ನಮ್ಮ ಫಾರ್ಮು ಅಡೆತಡೆಗಳ ಸಾಲಿನಲ್ಲಿ ಕೂರಿಸಿತ್ತು.

ಮೂರನೆಯ ದೋಷ, ಇಡೀ ಫಾರ್ಮಿನಲ್ಲಿ ಯಾವುದಕ್ಕೂ ಬೆಲೆಯಿರಲಿಲ್ಲ. ಪಾರ್ಕಿಂಗ್ ಬೇಕೇ? ಬೇಕು. ಅಗಲವಾದ ಫುಟ್‌ಪಾತ್ ಬೇಕೇ? ಬೇಕು. ಮರ ಬೇಕೇ? ಬೇಕು. ರಸ್ತೆಯ ಅಗಲ ಮಾತ್ರ ಇದ್ದಷ್ಟೇ. ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳುವಂತೆ ಕೇಳದಿದ್ದರೆ ಉತ್ತರ ಬರೀ ಹಾರೈಕೆ. 'ಹತ್ತು ಕಾರು ನಿಲ್ಲುವ ಜಾಗದಲ್ಲಿ ಬೆಂಚು ಹಾಕಿದರೆ ನಿಮಗೆ ಸರಿಯೇ?' ಎಂದು ಕೇಳಿದ್ದರೆ ಜನ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದರು.

ಇದನ್ನೆಲ್ಲ ಗೆಳೆಯನಿಗೆ ಹೇಳಿದಾಗ ಅವನು, "ಸಂಖ್ಯೆ ಜಾಸ್ತಿ ಆದರೆ ಎಲ್ಲ ಸರಿಹೋಗುತ್ತೆ ಬಿಡೋ" ಎಂದ. ಸರಿಹೋಗುವುದಿಲ್ಲ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರ ಕಳಿಸಿ 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ರೂಸ್‌ವೆಲ್ಟ್ ಸೋಲುತ್ತಾನೆ ಎಂದಿತು. ಅವನು ಭರ್ಜರಿಯಾಗಿ ಗೆದ್ದ. ಫೋನು, ಕಾರು ಇದ್ದವರ ಪಟ್ಟಿಗಳಿಂದ ವಿಳಾಸ ಹೆಕ್ಕಿದ್ದು ಒಂದು ತಪ್ಪು, ಉತ್ತರ ಕಳಿಸದೇ ಉಳಿದವರನ್ನು ಮರೆತದ್ದು ಇನ್ನೊಂದು. ನಮ್ಮಲ್ಲೂ 2020ರಲ್ಲಿ ಕೇಂದ್ರ ಸರ್ಕಾರದ ನಾಗರಿಕ ಅಭಿಪ್ರಾಯ ಸಮೀಕ್ಷೆ 111 ನಗರಗಳಲ್ಲಿ 32.2 ಲಕ್ಷ ಜನರನ್ನು ತಲುಪಿತು. ಆ ವರ್ಷದ ಸುಗಮ ಜೀವನ ಸೂಚ್ಯಂಕದಲ್ಲಿ ಅದಕ್ಕೆ ಶೇ. 30ರಷ್ಟು ತೂಕ. ದೊಡ್ಡ ನಗರಗಳಲ್ಲಿ ಬೆಂಗಳೂರು ಮೊದಲು, ಚೆನ್ನೈ ನಾಲ್ಕನೆಯದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಯೌವನ ಕಳೆದ ನನ್ನಂಥವರು ಅದನ್ನು ಓದಿ ನಕ್ಕಿದ್ದು ಸುಳ್ಳಲ್ಲ.

ಗೆಳೆಯನ ಇನ್ನೊಂದು ಮಾತಿನಲ್ಲಿ ಮಾತ್ರ ಹುರುಳಿತ್ತು. "ಬಂದು ಹೋಗುವವರನ್ನೆಲ್ಲ ಸೇರಿಸಿದರೆ ಇಲ್ಲಿರೋರ ದನಿ ಮುಳುಗಿಹೋಗುತ್ತಲ್ಲ?" ನಿಜವೇ. ಗೇಟಿನ ಮುಂದೆ ಯಾರದೋ ಕಾರು ನಿಂತು ಆಂಬುಲೆನ್ಸ್ ಒಳಗೆ ಬರಲಾಗದ ಮನೆಯವರ ಸಂಕಟ ಸಣ್ಣದಲ್ಲ. ರಾತ್ರಿ ಹನ್ನೊಂದಕ್ಕೆ ಬೀದಿ ಖಾಲಿಯಾದಾಗ ಕಸದ ಜೊತೆ ಉಳಿಯುವವರು ಅವರೇ. ಅದಕ್ಕೆ ದಾರಿ ಉಳಿದವರನ್ನು ಹೊರಗಿಡುವುದಲ್ಲ. ಎಲ್ಲರನ್ನೂ ಕೇಳಿ, ಉತ್ತರಗಳನ್ನು ಬೇರೆ ಬೇರೆಯಾಗಿ ತೋರಿಸುವುದು: ಮನೆಯವರು ಹೀಗೆಂದರು, ಕೆಲಸಕ್ಕೆ ಬರುವವರು ಹೀಗೆಂದರು, ಕೊಳ್ಳಲು ಬರುವವರು ಹೀಗೆಂದರು, ಮಾರುವವರು ಹೀಗೆಂದರು. ಅವು ಎಲ್ಲಿ ಒಂದಕ್ಕೊಂದು ತಾಗುತ್ತವೋ ಅಲ್ಲಿಯೇ ಯೋಜಕರ ನಿಜವಾದ ಕೆಲಸ ಶುರುವಾಗುತ್ತದೆ.

ಹಾಗಾದರೆ ಮೊದಲ ಪ್ರಶ್ನೆ ಹೇಗಿರಬೇಕಿತ್ತು? ನನ್ನ ಪ್ರಕಾರ, 'ನೀವು ಇಲ್ಲಿಗೆ ವಾರದಲ್ಲಿ ಎಷ್ಟು ದಿನ ಬರುತ್ತೀರಿ, ಯಾತಕ್ಕೆ?' ಇದಕ್ಕೆ ಹೂವಿನವರಿಗೂ ಉತ್ತರವಿದೆ, ನನಗೂ ಇದೆ, ಚೆಂಗಲ್ಪಟ್ಟಿನ ಮದುಮಗಳಿಗೂ ಇದೆ. ಆಮೇಲೆ ಅಭಿಪ್ರಾಯಕ್ಕಿಂತ ಮೊದಲು ಅನುಭವ ಕೇಳಬೇಕು. 'ಕೂರಲು ಜಾಗ ಸಾಕಷ್ಟಿದೆಯೇ?' ಎನ್ನುವ ಬದಲು 'ಹೋದ ಸಲ ಬಂದಾಗ ಎಲ್ಲಿ ಕೂತಿರಿ? ನೀರು ಎಲ್ಲಿ ಕುಡಿದಿರಿ? ಶೌಚಾಲಯಕ್ಕೆ ಎಲ್ಲಿಗೆ ಹೋದಿರಿ?' ಕೊನೆಯದನ್ನು ಸೀರೆ ಅಂಗಡಿಯ ಹುಡುಗಿಯರಿಗೆ ಕೇಳಿದರೆ ಒಂದು ಅಧ್ಯಾಯಕ್ಕೆ ಆಗುವಷ್ಟು ಮಾತು ಸಿಗುತ್ತದೆ. ಶನಿವಾರದ ಜೊತೆ ಮಂಗಳವಾರವೂ, ಸಂಜೆಯ ಜೊತೆ ಬೆಳಗಿನ ಆರೂ ಬೇಕು. ಜೊತೆಗೆ ಸುಮ್ಮನೆ ನಿಂತು ನೋಡುವ ಕೆಲಸವೂ ಬೇಕು. ನ್ಯೂಯಾರ್ಕಿನ ಚೌಕಗಳಲ್ಲಿ ಜನ ನಿಜವಾಗಿ ಎಲ್ಲಿ ಕೂರುತ್ತಾರೆಂದು ಕ್ಯಾಮೆರಾ ಇಟ್ಟು ನೋಡಿ ವಿಲಿಯಂ ವೈಟ್ 1980ರಲ್ಲಿ ಪುಸ್ತಕ ಬರೆದ. ಜನ ಹೇಳುವುದಕ್ಕೂ ಮಾಡುವುದಕ್ಕೂ ಅಂತರವಿದೆ ಎಂದು ಅದರಿಂದ ಕಲಿಯಬಹುದು. ಕೊನೆಗೆ, ಕೇಳಿದ್ದರ ಫಲ ಏನಾಯಿತೆಂದು ಅದೇ ಬೀದಿಯಲ್ಲಿ ಒಂದು ಬೋರ್ಡು ಹಾಕಿ ತಿಳಿಸಬೇಕು.

ಇದೆಲ್ಲ ವಲಸೆ ಬಂದ ನಮಗೆ ತಾಗದ ಸಂಗತಿ ಎಂದುಕೊಳ್ಳಬೇಡಿ. ಮಾತೃಭಾಷೆಯ ಕಾಲಮ್ಮಿನಲ್ಲಿ 'ಇತರೆ' ಒತ್ತಿ ಒತ್ತಿ ನಮ್ಮ ಬೆರಳು ಸವೆದಿದೆ. ಫಾರ್ಮಿನ ಹೊರಗೆ ನಿಲ್ಲುವುದು ಏನೆಂದು ನಮಗೆ ಗೊತ್ತು. ಅದಕ್ಕೇ ಆ ಶನಿವಾರ ನನ್ನ ಬೆರಳು 'ಇಲ್ಲ'ದ ಮೇಲೆ ಅಷ್ಟು ಸಲೀಸಾಗಿ ಹೋದದ್ದು ಇನ್ನೂ ಚುಚ್ಚುತ್ತದೆ. ಪ್ರಶ್ನೆ ಬರೆದವರು ಯಾರೋ ಇರಬಹುದು, ಒತ್ತಿದವನು ನಾನು.

ವರದಿ ಬಂತು, ಗೆಳೆಯ ಕಳಿಸಿದ. ನುಣುಪಾದ ಕಾಗದ, ಬಣ್ಣದ ನಕ್ಷೆಗಳು. ಹೂವು ಮಾರುವವರು ಅದರಲ್ಲಿ ಒಂದೇ ಕಡೆ ಕಾಣಿಸಿದರು, ನಕ್ಷೆಯ ಮೇಲೆ ಕೆಂಪು ಚುಕ್ಕೆಗಳಾಗಿ. ಚುಕ್ಕೆಗಳ ವಿವರ: 'ಅಡೆತಡೆಗಳು'. ಆ ಸಂಜೆ ಬಜಾರಿಗೆ ಹೋಗಿ ಎರಡು ಮೊಳ ಮಲ್ಲಿಗೆ ತಗೊಂಡೆ. ರೂಮಿನಲ್ಲಿ ಮುಡಿಯುವವರು ಯಾರೂ ಇಲ್ಲ, ದೇವರ ಪಟಕ್ಕೆ ಹಾಕಿದೆ. ಎಲೆಯಲ್ಲಿ ಸುತ್ತಿ ಕೊಡುವಾಗ ಅವರು ಕೇಳಿದರು, "ಎನ್ನ ತಂಬಿ, ಇಂದ ಏರಿಯಾ ದಾನಾ?" ಹೌದು, ಇದೇ ಏರಿಯಾ ಎಂದೆ. ಅವರಿಗೆ ಅಷ್ಟು ಸಾಕಾಯಿತು. ಬೇರೆ ಯಾವ ಪ್ರಶ್ನೆಯೂ ಇರಲಿಲ್ಲ.